ಡಾಂಬರು ಬಿಡದ ಕೈ

ಬೆಳಿಗ್ಗೆ ನಮ್ಮ ಬೀದಿಗೆ ಡಾಂಬರು ಹಾಕುತ್ತಿದ್ದರು. ಕಿಟಕಿ ಮುಚ್ಚಿದರೂ ವಾಸನೆ ಒಳಗೆ ಬಂತು. ಏಳಲು ಮನಸ್ಸಾಗದೆ ಹಾಗೇ ಕೂತೆ... ಹಿಂದೊಮ್ಮೆ ಪಕ್ಕದ ಮನೆಯಲ್ಲಿದ್ದಾಕೆ ನೆನಪಾದಳು.

ಎಪ್ಪತ್ತರ ದಶಕದ ಕೊನೆ. ನಾನು ನ್ಯಾಮತಿಯಲ್ಲಿ ವಿಜ್ಞಾನದ ಟೀಚರು, ಆಕೆ ಹೊನ್ನಾಳಿ ರಸ್ತೆಯ ಡಾಂಬರು ಗ್ಯಾಂಗಿನಲ್ಲಿದ್ದಳು. ಕಾಲಿಗೆ ಗೋಣಿತಾಟು ಸುತ್ತಿಕೊಂಡು ಹೋಗುತ್ತಿದ್ದಳು, ಸಂಜೆ ಸೀಮೆಎಣ್ಣೆ ಹಚ್ಚಿ ಕೈ ಉಜ್ಜುತ್ತಿದ್ದಳು. ಅಂಗೈ ಗೆರೆಗಳ ಕಪ್ಪು ಮಾತ್ರ ಹೋಗುತ್ತಲೇ ಇರಲಿಲ್ಲ.

ಒಮ್ಮೆ ಗಟ್ಟಿ ಡಾಂಬರಿನ ಹೊಳೆಯುವ ತುಂಡೊಂದನ್ನು ತಂದು, "ಇದು ಕಲ್ಲೇನ್ರೀ ಅಕ್ಕೋರೆ?" ಅಂದಳು. ಕಲ್ಲಿನ ಹಾಗೆ ಒಡೆಯುತ್ತದೆ, ಆದರೆ ಉಪ್ಪು, ಸ್ಫಟಿಕಗಳಿಗಿರುವಂತೆ ಒಳಗೆ ಹರಳಿನ ಕಟ್ಟಿಲ್ಲ, ಬಿಸಿಲಿಗೆ ಹರಿದುಬಿಡುತ್ತದೆ ಎಂದು ಪಾಠ ಒಪ್ಪಿಸಿದೆ.

"ಕಲ್ಲೂ ಅಲ್ಲ, ನೀರೂ ಅಲ್ಲ. ಮತ್ತೆ ಕೈ ಯಾಕ್ ಬಿಡಂಗಿಲ್ಲ?"



ಆಕೆಯ ಮಗಳನ್ನು ನೋಡಲು ಜಗಳೂರು ಕಡೆಯ ಸೊಕ್ಕೆಯಿಂದ ಗಂಡಿನವರು ಬರುವ ದಿನ, ಆಕೆ ಬೆಳಿಗ್ಗೆಯೇ ನಮ್ಮ ಬಾಗಿಲಲ್ಲಿದ್ದಳು. "ಈ ಕೈಲಿ ಉಡಿ ತುಂಬಿದ್ರೆ ಸಂಬಂಧ ಬ್ಯಾಡ ಅಂತಾರೆ. ನೀವೇ ತುಂಬ್ರಿ. ನಾನು ಹೊರಗಾಗೀನಿ ಅಂತ ಹೇಳ್ರಿ."

ಹಾಗೇ ಹೇಳಿದೆ. ಮುಟ್ಟಾದವರು ದೂರ ಕೂರುತ್ತಿದ್ದ ಕಾಲ, ಯಾರೂ ಮರುಮಾತಾಡಲಿಲ್ಲ. ಹುಡುಗಿ ಒಪ್ಪಿಗೆಯಾಗಿ ಅಲ್ಲೇ ಹೂ ಮುಡಿಸಿದರು. ಗಂಡಿನ ತಾಯಿಗೆ ನಾನು ಉಡಿ ತುಂಬಿದೆ. ಹಿತ್ತಿಲ ಬಾಗಿಲಾಚೆ ಆಕೆ ಕೈ ಸೆರಗಿನಲ್ಲಿ ಮುಚ್ಚಿಕೊಂಡು ನೋಡುತ್ತಿದ್ದಳು. ಮಗಳು ತನ್ನ ಕಾಲಿಗೆ ಬೀಳಲು ಬಂದಾಗ, ದೂರ ನಿಲ್ಲು ಎಂದು ಸನ್ನೆ ಮಾಡಿದಳು.

ಆಮೇಲೆ ನನಗೆ ಚನ್ನಗಿರಿಗೆ ವರ್ಗವಾಯಿತು. ಆಕೆ ಯಾರಿಂದಲೋ ಬರೆಸಿದ ಆಗೊಂದು ಈಗೊಂದು ಕಾಗದ... ಅದೂ ನಿಂತಿತು.

ಹೋದ ವಾರ ಆ ಅಳಿಯ ಹುಡುಕಿಕೊಂಡು ಬಂದಿದ್ದ, ತಲೆಯೆಲ್ಲ ನರೆತಿತ್ತು. ಅತ್ತೆ ತೀರಿಕೊಂಡರು ಅಂದ. ಮಾತಿನ ಮಧ್ಯೆ, ಇನ್ನು ಮುಚ್ಚಿಡುವುದೇನೆಂದು ಆ ದಿನ ಆಕೆಯ ಕೈ ಮರೆಸಲು ಸುಳ್ಳಾಡಿದ್ದನ್ನು ತಿಳಿಸಿಬಿಟ್ಟೆ.

ಆತ ನನ್ನನ್ನೇ ನೋಡಿದ. "ಡಾಂಬರು ಕೆಲ್ಸದೋರ ಮಗಳು ಅಂತ ಗೊತ್ತಿದ್ದೇ ಬಂದಿದ್ವಲ್ರೀ. ದುಡಿಯೋರ ಮನೆ ಹುಡ್ಗಿನೇ ಬೇಕು ಅಂದಿದ್ಲು ನಮ್ಮವ್ವ." ತನ್ನ ಅಂಗೈ ನೋಡಿಕೊಂಡು, "ಅದಕ್ಕೇನಾ ಅತ್ತಿ ನಮ್ಮನಿಗೆ ಬಂದಾಗೆಲ್ಲ ಸೆರಗಿನಾಗಿಂದ ಕೈ ತೆಗೀತಿರಲಿಲ್ಲ... ಮೊಮ್ಮಕ್ಕಳನ್ನೂ ಎತ್ಕೋತಿರಲಿಲ್ಲ" ಅಂದ.

ಈ ಕೈ ನಿಮಗೆ ಅಡ್ಡಿಯೇ ಎಂದು ಆಗಲೇ ಒಂದು ಕಾಗದ ಬರೆದು ಬೀಗರನ್ನು ಕೇಳಬಹುದಿತ್ತು. ನಮ್ಮಿಬ್ಬರಲ್ಲಿ ಓದು ಬರಹ ಬಲ್ಲವಳು ನಾನೊಬ್ಬಳೇ ಇದ್ದೆ. ಕೇಳಲಿಲ್ಲ.