ಕುರಿ ತಂಗದ ಹೊಲ

ಬಿಸಿಲಿಗೆ ಒಣಗಿದ ಬಳ್ಳಾರಿ ಜಾಲಿಯ ಕಾಯಿಗೆ ಬೆಲ್ಲದ ಪಾಕ ಸೀದಂಥ ವಾಸನೆಯಿದೆ. ಮೊನ್ನೆ ರಾಯಚೂರಿನ ಕೋಟೆಯ ಕಂದಕದ ಬದಿಯಲ್ಲಿ ಅದು ಮೂಗಿಗೆ ಬಡಿದಾಗ, ಎಂಬತ್ತರ ದಶಕದಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿ ಬಾಡಿಗೆಗಿದ್ದ ಸಂಶೋಧಕಿ ನೆನಪಾದರು. ಮಾನ್ವಿಯ ಮೇಷ್ಟರೊಬ್ಬರ ಮಗಳು. ನಾವೆಲ್ಲ ಗೌರವದಿಂದ ಅವರನ್ನು ‘ಬಾಯಾರು’ ಎನ್ನುತ್ತಿದ್ದೆವು.

ಹೊರನಾಡಿನ ಈ ಜಾಲಿ ಇಲ್ಲಿ ಹೇಗೆ ಹಬ್ಬಿತು, ಅದನ್ನು ಕಿತ್ತರೆ ಕಂದಕಕ್ಕೆ ಈ ನೆಲದ ಹಳೆಯ ಗಿಡಗಳು ಮರಳುವವೇ ಎಂಬುದು ಅವರ ಅಧ್ಯಯನ. ವಿಮಾನದಿಂದ ಬೀಜ ಚೆಲ್ಲಿದರೆಂದು ಊರೆಲ್ಲ ಹೇಳುತ್ತಿತ್ತು. ಆ ವಿಮಾನವನ್ನು ಕಣ್ಣಾರೆ ಕಂಡವರು ನನಗೆ ಇಂದಿಗೂ ಸಿಕ್ಕಿಲ್ಲ. ಬಾಯಾರು ಮಾತ್ರ ಕಂದಕದಲ್ಲಿ ಕುರಿ ಮೇಯಿಸುತ್ತಿದ್ದ ಅರಕೇರಾದ ಮುದುಕನೊಬ್ಬನ ಪಕ್ಕ ಕುಳಿತು ಹಿಕ್ಕೆ ಒಡೆದು ನೋಡುತ್ತಿದ್ದರು. ಒಳಗೆ ಜಾಲಿಯ ಬೀಜ ಇಡಿಯಾಗಿಯೇ ಇರುತ್ತಿತ್ತು.

"ಇಲ್ಲಿ ಕಾಯಿ ತಿಂದ ಕುರಿ ಮುಂದ ಎಲ್ಲಿಗೆ ಹೋಗ್ತಾವ, ಯಪ್ಪಾ?"

"ನಮ್ಮೂರ ಹೊಲಕ್ಕ, ಯವ್ವಾ. ಗೊಬ್ಬರ ಬೀಳ್ಲಿ ಅಂತ ರೈತರು ರಾತ್ರಿ ಅಲ್ಲೇ ತಂಗಸ್ತಾರ. ನಮಗ ಜ್ವಾಳ ಕೊಡ್ತಾರ."

ಅರಕೇರಾದ ರೈತರ ಸಭೆಯಲ್ಲಿ ಬಾಯಾರು ಹೇಳಿದ್ದು ಇಷ್ಟು: ಕಾಯಿ ತಿಂದ ಹಿಂಡನ್ನು ಹೊಟ್ಟೆಯ ಬೀಜ ಹೊರಬೀಳುವ ತನಕ ಕೆಲವು ದಿನ ಬೇರೆಡೆ ಮೇಯಿಸಿ ಆಮೇಲೆ ಹೊಲಕ್ಕೆ ಬಿಡಿ, ನಿಮ್ಮ ಎತ್ತುಗಳ ಸಗಣಿಯಲ್ಲಿಯೂ ಇದೇ ಬೀಜವಿದೆ. ನಾನು ಅಲ್ಲಿದ್ದೆ. ರೈತರು ಕುರಿಯ ಮಾತನ್ನು ಹಿಡಿದುಕೊಂಡರು, ಎತ್ತಿನ ಮಾತನ್ನು ಬಿಟ್ಟರು. ಆ ಬೇಸಿಗೆಯಿಂದ ಮುದುಕನ ಹಿಂಡಿಗೆ ಯಾರೂ ಹೊಲ ಕೊಡಲಿಲ್ಲ.

ಆತ ಬಾಯಾರ ಬಾಗಿಲಿಗೆ ಬಂದು ನಿಂತ. "ನೀ ಕೇಳಿದಿ, ನಾ ಖರೇ ಹೇಳಿದ್ನಿ. ಈಗ ಕುರಿ ಎಲ್ಲಿ ತಂಗಸ್ಲಿ, ಯವ್ವಾ? ನಿನ್ನ ಖೋಲ್ಯಾಗ?"

ಮರುದಿನವೇ ಅವರು ಅರಕೇರಾಕ್ಕೆ ಹೊರಟರು. ನಾನೂ ಜೊತೆಗೆ ಹೋದೆ. ಕಟ್ಟೆಯ ಮೇಲೆ ಕುಳಿತವರಲ್ಲಿ ಒಬ್ಬ ನಕ್ಕ. "ಬಂದ್ರಪಾ ಹಿಕ್ಕಿ ಬಾಯಾರು! ಈ ಸಲ ಸಗಣಿ ಹಿಚುಕಾಕ ಬಂದಾರ." ಬಾಯಾರು ಬಿಸಿಲಲ್ಲಿ ನಿಂತು ಬಹಳ ಹೊತ್ತು ಮಾತನಾಡಿದರು... ಕೇಳಿದವರಿಲ್ಲ.

ಮುದುಕ ಹಿಂಡು ಮಾರಿ ಕಲ್ಲುಗಣಿಯ ಕೂಲಿಗೆ ಸೇರಿದ. ಹೆಚ್ಚು ಕಾಲ ಬಾಳಲಿಲ್ಲ. ಬಾಯಾರು ಅಧ್ಯಯನವನ್ನು ಅರ್ಧಕ್ಕೇ ಬಿಟ್ಟು ಊರು ತೊರೆದರು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು... ಕುರಿಗಾರರ ಅನ್ನ ಕಸಿದವಳೆಂದು ಅವರನ್ನು ದೂರುವವರು ಈಗಲೂ ಇದ್ದಾರೆ. ಆ ಸಭೆಯಲ್ಲಿ ನೀವಿದ್ದಿರಾ ಎಂದು ನಾನು ಕೇಳುತ್ತೇನೆ.

ನಿನ್ನೆ ಅರಕೇರಾಕ್ಕೆ ಹೋಗಿ, ಮುದುಕನ ಹಿಂಡು ತಂಗುತ್ತಿದ್ದ ಹೊಲ ಯಾವುದೆಂದು ವಿಚಾರಿಸಿದೆ. ಹೊಲದೊಡೆಯನ ಮಗ ದೂರದಿಂದಲೇ ಕೈ ತೋರಿಸಿದ.

"ಅದ ನೋಡ್ರಿ. ಒಳಗ ಹೋಗಾಕ ಮಾತ್ರ ದಾರಿ ಇಲ್ರಿ, ಎಲ್ಲಾ ಜಾಲಿ ಮುಚ್ಚೇದ. ನಮ್ಮಪ್ಪ ಬ್ಯಾಡಂದಾಗಿಂದ ಒಂದ್ ಕುರೀನೂ ಅಲ್ಲಿ ತಂಗಿಲ್ಲ."