ತೆಂಬೊ ಎಳೆದ ಕೆಂಪು ಗೆರೆಗಳು

ಶಾಲೆಯ ಬಾಗಿಲಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣವನ್ನು ಕೇಳಿಕೊಂಡು ತೆಂಬೊ ಬಂದ ದಿನವೇ ಮುಹಿಂಡೊ ಮೇಷ್ಟ್ರು ಅವನನ್ನು ಮೊದಲು ಕಂಡದ್ದು. ರುವೆಂಜೋರಿ ಬೆಟ್ಟದ ನೆತ್ತಿಗೆ ಪರದೇಶದವರ ಹೊರೆ ಹೊತ್ತು ಹೋಗುವುದು ಅವನ ಕಸುಬು.

“ಬಣ್ಣ ಯಾತಕ್ಕಪ್ಪಾ?”

“ಮೇಲೆ ಹಿಮ ಹಿಂದಕ್ಕೆ ಸರೀತಿದೆ ಮೇಷ್ಟ್ರೇ. ಎಲ್ಲಿಗೆ ನಿಂತಿದೆಯೋ ಅಲ್ಲಿ ಬಂಡೆಗೆ ವರ್ಷಕ್ಕೊಂದು ಗೆರೆ ಎಳೀತೀನಿ. ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ?”

ಅಂದಿನಿಂದ ವರ್ಷವರ್ಷವೂ ಬಣ್ಣ ಮೇಷ್ಟ್ರದೇ.

ಆ ಹಿಮದಲ್ಲಿ ಕಿತಸಂಬ ದೇವರ ವಾಸ. ಏರುವವರು ದಾರಿಯ ಪುಟ್ಟ ಹುಲ್ಲುಗುಡಿಯಲ್ಲಿ ಬಾಳೆಹಣ್ಣಿಟ್ಟು ಅಪ್ಪಣೆ ಕೇಳಬೇಕು. ಗೆರೆ ಎಳೆಯತೊಡಗಿದ ಹನ್ನೆರಡನೆಯ ವರ್ಷ ಪರದೇಶದವರು ಅವಸರ ಮಾಡಿದರೆಂದು ತೆಂಬೊ ಕೇಳದೆ ಏರಿದ. ಬಂದು ಹೆಂಡತಿ ಇತುಂಗುವಿಗೆ ಹೇಳಿಯೂ ಬಿಟ್ಟ. ಮುಂದಿನ ಮಳೆಗಾಲದಲ್ಲಿ ಹೊಳೆ ಉಕ್ಕಿ ಅವರ ಒಬ್ಬನೇ ಮಗ ಬಲುಕುವನ್ನು ಎಳೆದೊಯ್ದಿತು. ಇತುಂಗು ಗಂಡನ ಸಂಗಡ ಮಾತು ಬಿಟ್ಟಳು.

ಕಾಫಿ ಒಣಹಾಕುವ ಕಣದಲ್ಲಿ ತೆಂಬೊನ ವಿಚಾರಣೆಗೆ ಊರು ಸೇರಿತು.

“ಹಿಮ ಕರಗಿದ್ದೂ ಹೊಳೆ ಕೆರಳಿದ್ದೂ ಇವನಿಂದ. ದೇವರು ಮುನಿಸಿಕೊಂಡು ಹೊರಟ,” ಎಂದ ಹಿರಿಯ ಮ್ಬುಸ.

ಮೇಷ್ಟ್ರು ಎದ್ದು ನಿಂತರು. “ಮನುಷ್ಯರಿಂದಲೇ, ಒಪ್ತೀನಿ. ಇವನೊಬ್ಬನಿಂದ ಅಲ್ಲ. ಎಲ್ಲೆಲ್ಲಿಯದೋ ಕಾರ್ಖಾನೆ, ಮೋಟಾರುಗಳ ಹೊಗೆಯಿಂದ ಲೋಕವೇ ಬಿಸಿಯಾಗ್ತಿದೆ. ಇವನು ಅಪ್ಪಣೆ ತಪ್ಪಿಸೋ ಮುಂಚೆಯೇ ಬಂಡೆ ಮೇಲೆ ಹನ್ನೊಂದು ಗೆರೆ ಇದ್ದವು.”

“ಹಾಗಾದ್ರೆ ನಿಮ್ಮ ಬೈಕಿಂದೂ ಪಾಲಿದೆ ಬಿಡಿ, ಮೇಷ್ಟ್ರೇ,” ಎಂದ ಮ್ಬುಸ.

ಕೆಲವರು ನಕ್ಕರು. ಮೇಷ್ಟ್ರು, “ಇದೆ,” ಎಂದರು.

ಆಗ ಇತುಂಗು ಬಾಯಿಬಿಟ್ಟಳು. “ಆ ಹೊಗೆಯವರು ಎಲ್ಲಿದಾರೆ ಮೇಷ್ಟ್ರೇ? ಯಾರ ಬಾಗಿಲಲ್ಲಿ ನಿಂತು ನನ್ನ ಮಗನ್ನ ಕೇಳಲಿ?”

ಮೇಷ್ಟ್ರು ಕುಳಿತುಬಿಟ್ಟರು. ತೆಂಬೊ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಕೊನೆಗೆ, “ನನ್ನ ಗೆರೆಗಳೇ ಸುಳ್ಳು. ತಪ್ಪು ನಂದು. ದೇವರಿಗೆ ಆಡು ಕೊಡ್ತೀನಿ,” ಎಂದ.

ಹಿಂದಿರುಗುವ ದಾರಿಯಲ್ಲಿ ಮೇಷ್ಟ್ರು ಕೇಳಿದರು: “ಯಾಕೋ ಹಾಗಂದೆ? ನೀನೇ ಎಳೆದ ಗೆರೆಗಳಲ್ಲವೇನೋ?”

“ಅವಳಿಗೆ ಬೈಯೋಕೆ ಎದುರಿಗೊಬ್ಬ ಬೇಕಲ್ಲ, ಮೇಷ್ಟ್ರೇ.”

ಆಡಿನ ಬಲಿಯಾದ ಮರುದಿನ ಇತುಂಗು ಅವನ ಮುಂದೆ ಮರಗೆಣಸಿನ ಮುದ್ದೆ ಇಟ್ಟು, “ತಿನ್ನು, ಪಾಪಿ,” ಎಂದಳಂತೆ. ಐದು ತಿಂಗಳಲ್ಲಿ ಗಂಡನೊಡನೆ ಅವಳಾಡಿದ ಮೊದಲ ಮಾತು ಅದು.

ಈಗ ತೆಂಬೊನ ಮೊಣಕಾಲು ಸೋತಿವೆ; ಅವನು ಬೆಟ್ಟ ಹತ್ತುವುದಿಲ್ಲ. ಹುಲ್ಲುಗುಡಿಗೆ ಹೊಸ ಹುಲ್ಲು ಹೊದಿಸುತ್ತಾನೆ, ಹಣ್ಣಿಡುತ್ತಾನೆ. ಇಳಿದು ಬರುವವರನ್ನು ನಿಲ್ಲಿಸಿ, ಕೊನೆಯ ಗೆರೆಯಿಂದ ಹಿಮಕ್ಕೆ ಎಷ್ಟು ಹೆಜ್ಜೆಯೆಂದು ಕೇಳುತ್ತಾನೆ. ಅವರು ಹೇಳಿದ ಲೆಕ್ಕವನ್ನು ಮೇಷ್ಟ್ರ ಕಿವಿಯಲ್ಲಿ ಮಾತ್ರ ಹೇಳುತ್ತಾನೆ, ಇತುಂಗುವಿಗೆ ಕೇಳಿಸದ ಹಾಗೆ.