ಮಗಳು ಹೇಳದ ನಾಲ್ಕನೆಯ ಶೀಲ

ಪಿಯುಸಿ ಓದುವ ಮಕ್ಕಳು ಭಾನುವಾರದ ವಂದನೆಗೆ ಬರುವುದನ್ನೇ ಬಿಟ್ಟಿದ್ದಾರೆಂದು ಕಮಲಾಪುರದ ಬುದ್ಧ ವಿಹಾರದ ಹಿರಿಯರು ನನಗೆ ಹೇಳಿಕಳಿಸಿದರು. ಅದು ನನ್ನ ತವರೂರು. ನಾನಿರುವುದು ಕಲಬುರಗಿಯ ಗಾಜಿಪುರದಲ್ಲಿ. "ನೀ ಶಾಲಿ ಟೀಚರ್ ಇದ್ದಿ ತಂಗಿ, ಹುಡುಗ್ರು ಕೂಡೂ ಹಂಗ ಏನರ ಮಾಡು" ಎಂದರು. ಒಪ್ಪಿಕೊಂಡೆ. ಹದಿನೇಳರ ನನ್ನ ಮಗಳನ್ನೇ ಆರು ತಿಂಗಳಿಂದ ವಿಹಾರದ ಮೆಟ್ಟಿಲು ಹತ್ತಿಸಲಾಗದವಳು ಊರ ಮಕ್ಕಳನ್ನು ಕೂರಿಸಲು ಹೊರಟಿದ್ದೆ! ನಿಜ ಹೇಳಬೇಕೆಂದರೆ, ಆ ನೆಪದಲ್ಲಿ ಅವಳು ನನ್ನ ಪಕ್ಕ ಬಂದು ಕೂತರೆ ನನಗೆ ಸಾಕಾಗಿತ್ತು.

ಭಾಷಣ ಕಡಿಮೆ ಮಾಡಿದೆ. ಪಂಚಶೀಲದ ಒಂದೊಂದು ಸಾಲನ್ನು ಒಬ್ಬೊಬ್ಬರು ಮೈಕಿನಲ್ಲಿ ಹೇಳಬೇಕು, ಉಳಿದವರು ಅವರ ಹಿಂದೆ ಹೇಳಬೇಕು. ನಾಲ್ಕನೆಯದು, ಸುಳ್ಳು ಹೇಳುವುದಿಲ್ಲ ಎಂಬ ಮಾತು, ಮಗಳ ಪಾಲಿಗೆ. ಕಾಡಿ ಬೇಡಿ ಬಸ್ಸು ಹತ್ತಿಸಿದೆ. ಅಲ್ಲಿ ಅಷ್ಟೊಂದು ಮಕ್ಕಳನ್ನು ಕಂಡು ಹಿಗ್ಗಿ, "ಇದೆಲ್ಲಾ ನನ್ನ ಮಗಳೇ ಯೋಚನಿ ಮಾಡಿದ್ದು, ಆಕೀನೇ ಹಟ ಹಿಡಿದು ಬಂದಾಳ" ಎಂದು ಮೈಕಿನಲ್ಲಿ ಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳ ಸರದಿ ಬಂತು. ಮೈಕು ಹಿಡಿದು ಸುಮ್ಮನೆ ನಿಂತಳು. ಕಣ್ಣು ಕೆಕ್ಕರಿಸಿದೆ, ಸನ್ನೆ ಮಾಡಿದೆ. ಊಹೂಂ. ಕೊನೆಗೆ ಪಕ್ಕದವಳ ಕೈಗೆ ಮೈಕು ಕೊಟ್ಟು ಹೊರಗೆ ಹೋದಳು. ಮಾನ ಹೋಯಿತಲ್ಲಪ್ಪಾ ಎಂದು ಮೈಯೆಲ್ಲ ಉರಿದು ಹಿಂದೆಯೇ ಓಡಿದೆ.

"ಬಾಯಿಗೇನಾಗಿತ್ತು ನಿಂಗ?"

"ಮಮ್ಮಿ, ನೀ ಈಗಷ್ಟ ಸುಳ್ಳು ಹೇಳಿದಿ. ಅದಕ್ಕ ಎಲ್ಲಾರೂ ಚಪ್ಪಾಳಿ ಹೊಡದ್ರು. ಅದರ ಬೆನ್ನಿಗೇ ನಾ ಸುಳ್ಳು ಹೇಳಂಗಿಲ್ಲ ಅಂತ ಹ್ಯಾಂಗನ್ಲಿ?"

ಇವಳಿಗೆ ಶ್ರದ್ಧೆಯೇ ಇಲ್ಲವೋ, ನನಗಿಂತ ಹೆಚ್ಚಿದೆಯೋ? ಒಲೆಯ ಮುಂದೆ, ತರಗತಿಯಲ್ಲಿ, ಇಡೀ ವಾರ ಇದೇ ತಲೆ ತಿಂದಿತು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಬಾಗಿಲಲ್ಲೇ ಹಿರಿಯರು, "ಮಗಳೆಲ್ಲಿ ತಂಗಿ?" ಎಂದರು. "ಜ್ವರ ಬಂದಾವ್ರಿ" ಎಂದುಬಿಟ್ಟೆ. ಅಯ್ಯೋ, ಎಷ್ಟು ಸಲೀಸಾಗಿ ಬಂತು!

ಅವಳ ಬದಲು ನಾಲ್ಕನೆಯದನ್ನು ನಾನೇ ಹೇಳಬೇಕಿತ್ತು. ಮೂರು ಮುಗಿದವು. ಮಕ್ಕಳೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಆಕೀಗೆ ಜ್ವರ ಇಲ್ರಿ" ಎಂದೆ, ಮೈಕಿನಲ್ಲೇ. "ಬರಾಕ ಮನಸ್ಸಿಲ್ಲ. ಹ್ವಾದ ವಾರ ಚಪ್ಪಾಳಿ ಹೊಡದ್ರಲ್ಲ, ಅದೂ ನಾ ಹೇಳಿದ ಸುಳ್ಳೇ."

ಮೂವತ್ತು ವರ್ಷದಿಂದ ಗಿಳಿಪಾಠದಂತೆ ಒಪ್ಪಿಸುತ್ತ ಬಂದಿದ್ದ ಆ ಸಾಲನ್ನು ಹೇಳಲು ಅಂದು ಮೊದಲ ಸಲ ನನಗೆ ಭಯವಾಯಿತು.